ಬಿಸಿ ಚೆಲ್ಲದ ಓಣಿ

ಹತ್ತಿ ಗಿರಣಿ ಓಣಿಯ ಗೆರೆಗಳು ಬೆಳಗಿನಿಂದ ಒಂದೇ ಸಮನೆ ಏರುತ್ತಿದ್ದವು. ಒಂದೂ ಇಳಿದಿರಲಿಲ್ಲ.

ರಾಯಚೂರಿನ ನಿಯಂತ್ರಣ ಕೊಠಡಿಯಲ್ಲಿ ಕೂತು ಇಂದುಮತಿ ನೋಡುತ್ತಿದ್ದ ಪರದೆಯ ಮೇಲೆ ಊರಿನ ಪ್ರತಿ ಓಣಿಗೂ ಒಂದು ಚೌಕ, ಪ್ರತಿ ಮನೆಗೂ ಒಂದು ಗೆರೆ. ಬೇರೆ ಓಣಿಗಳ ಗೆರೆಗಳು ಏರಿ ಇಳಿದು, ಏರಿ ಇಳಿದು, ಮಲಗಿದವರ ಎದೆಯಂತೆ ಆಡುತ್ತಿದ್ದವು. ಈ ಒಂದು ಓಣಿ ಮಾತ್ರ ಉಸಿರು ಒಳಗೆಳೆದುಕೊಂಡು ಹಿಡಿದುಬಿಟ್ಟಿತ್ತು. ಯಾಕೆಂದು ಅವಳಿಗೆ ಗೊತ್ತಿತ್ತು. ಅದು ಅವಳು ಹುಟ್ಟಿ ಬೆಳೆದ ಓಣಿ. ಬೆಳಿಗ್ಗೆ ಅವ್ವ ಫೋನು ಮಾಡಿ, "ಎದುರು ಮನಿ ಬಸಲಿಂಗಮ್ಮ ಹೋದ್ಲು" ಎಂದಷ್ಟೇ ಹೇಳಿ ಇಟ್ಟಿದ್ದಳು.

ಬೇಸಿಗೆ ಎಂಬುದು ಊರನ್ನು ಕೊಲ್ಲತೊಡಗಿದ ಮೇಲೆ ಬಂದ ಯಂತ್ರವದು. ಕಾಗದದ ಮೇಲೆ ಅದರ ಹೆಸರು 'ದ್ವಾರಪಾಲ'. ಜನ ಕರೆಯುವುದು ತಂಪಿನ ಪೆಟ್ಟಿಗೆ ಎಂದು. ಕಿಟಕಿಗೆ ಕೂಡಿಸಿದ ಒಂದು ಜಾಲರಿ. ಅದರ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಬಾಗಿಲುಗಳು. ಗಾಳಿಯ ಅಣುಗಳೆಲ್ಲ ಒಂದೇ ವೇಗದಲ್ಲಿ ಓಡುವುದಿಲ್ಲ. ಕೆಲವು ಬೆಂಕಿಯಂತೆ ಧಾವಿಸುತ್ತವೆ, ಕೆಲವು ದಣಿದವರಂತೆ ತೆವಳುತ್ತವೆ. ನಾವು ಬಿಸಿ, ಧಗೆ ಎನ್ನುವುದು ಅವೆಲ್ಲದರ ಸರಾಸರಿಯನ್ನು. ಒಳಗಿನಿಂದ ಓಡುವ ಅಣು ಬಂದರೆ ಬಾಗಿಲು ಹೊರಕ್ಕೆ ತೆರೆಯುತ್ತದೆ. ಹೊರಗಿನಿಂದ ತೆವಳುವ ಅಣು ಬಂದರೆ ಒಳಕ್ಕೆ. ಉಳಿದದ್ದಕ್ಕೆ ಮುಚ್ಚಿರುತ್ತದೆ. ಹೀಗೆ ಆರಿಸಿ ಆರಿಸಿ, ಹೊರಗೆ ನಲವತ್ತೇಳು ಡಿಗ್ರಿ ಸುಡುತ್ತಿದ್ದರೂ ಒಳಗೆ ಮಗು ಮಲಗುವಷ್ಟು ತಂಪು. ವಿದ್ಯುತ್ತು ಬೇಕಿಲ್ಲ, ಕೋಣೆಯ ಬಿಸಿಯೇ ಬಾಗಿಲುಗಳನ್ನು ಆಡಿಸುತ್ತದೆ. ಬಂದ್ ಮಾಡುವ ಗುಂಡಿಯೂ ಆದ್ದರಿಂದ ಅದಕ್ಕಿರಲಿಲ್ಲ.

ಇದು ಪುಕ್ಕಟೆ ಸಿಕ್ಕ ವರವೆಂದು ಮೊದಲು ಎಲ್ಲರೂ ನಂಬಿದ್ದರು. ಆದರೆ ಜಗತ್ತಿನಲ್ಲಿ ಬೆರೆತುಹೋಗಲು ಇರುವ ದಾರಿಗಳು ಲೆಕ್ಕಕ್ಕೆ ಸಿಗದಷ್ಟು. ಬಿಸಿ ಒಂದು ಕಡೆ, ತಂಪು ಒಂದು ಕಡೆ ಎಂದು ಬೇರೆಯಾಗಿ ನಿಲ್ಲಲು ಇರುವ ದಾರಿಗಳು ಅವುಗಳ ಮುಂದೆ ಏನೇನೂ ಅಲ್ಲ. ತಾನಾಗಿ ಬಿಟ್ಟರೆ ಎಲ್ಲವೂ ಬೆರೆಯುವ ಕಡೆಗೇ ಹೋಗುತ್ತದೆ. ಹಾಗಾಗದಂತೆ ಆರಿಸಬೇಕಾದರೆ ನೋಡಬೇಕು. ನೋಡಿದ್ದನ್ನು ಎಲ್ಲಾದರೂ ಗುರುತು ಹಾಕಿಕೊಳ್ಳಬೇಕು. ಪ್ರತಿ ಪೆಟ್ಟಿಗೆಯ ಬೆನ್ನಿಗೂ ಆ ಗುರುತಿಗೆಂದೇ ಒಂದು ಹಲಗೆ. ಶಾಲೆಯ ಸ್ಲೇಟನ್ನು ಕರೆಯುವ ಹಾಗೆ ಅದಕ್ಕೆ ಜನ ಪಾಟಿ ಎಂದರು. ಅದು ಎಷ್ಟು ತುಂಬಿದೆಯೆಂದು ತೋರಿಸುವುದೇ ಪರದೆಯ ಗೆರೆ. ಬರೆಯಲು ಖರ್ಚಿಲ್ಲ. ಒರೆಸಲು ಇದೆ. ಮರೆಯುವ ಪ್ರತಿಯೊಂದು ಗುರುತಿಗೂ ಒಂದಿಷ್ಟು ಬಿಸಿ ಹುಟ್ಟಲೇಬೇಕು. ಅದನ್ನು ತಪ್ಪಿಸಿದ ಯಂತ್ರ ಇದುವರೆಗೆ ಹುಟ್ಟಿಲ್ಲ. ನಿಧಾನವಾಗಿ ಒರೆಸಿದರೆ ಸ್ವಲ್ಪವೇ ಬಿಸಿ. ಅವಸರದಲ್ಲಿ ಒರೆಸಿದರೆ ಹತ್ತಾರು ಪಟ್ಟು.

ಆದ್ದರಿಂದ ದಿನಕ್ಕೆ ಎರಡು ಮೂರು ಬಾರಿ ಪ್ರತಿ ಮನೆಯವರೂ ಪೆಟ್ಟಿಗೆಯ ಹಿಡಿಯನ್ನು ಕೆಳಗೆ ಎಳೆದು, ಪಾಟಿ ಒರೆಸಿ, ಬಿಸಿಯನ್ನು ಓಣಿಗೆ ಚೆಲ್ಲುತ್ತಿದ್ದರು. ಯಾರಾದರೂ ಮರೆತು ಪಾಟಿ ತುಂಬಿಬಿಟ್ಟರೆ ಬಾಗಿಲುಗಳು ಕುರುಡಾಗಿ ಎರಡೂ ಕಡೆ ಬಡಿದುಕೊಂಡು ಮುರಿಯುತ್ತವೆ. ಹಾಗಾಗದಿರಲೆಂದು ಮಾಡಿದವರು ಒಂದು ಏರ್ಪಾಡು ಇಟ್ಟಿದ್ದರು: ತುಂಬಿದ ಪಾಟಿ ತನ್ನನ್ನು ತಾನೇ ಒಂದೇ ಉಸಿರಿಗೆ ಒರೆಸಿಕೊಳ್ಳುತ್ತದೆ. ಒಂದು ಮನೆಯದಾದರೆ ಗೋಡೆಯ ಬಣ್ಣ ಸುಲಿಯುತ್ತದೆ, ಅಷ್ಟೆ. ಒಂದು ಓಣಿಯ ಅಷ್ಟೂ ಮನೆಗಳದು ಒಟ್ಟಿಗೆ ಆದರೆ ಏನಾಗುತ್ತದೆಂದು ಯಾರೂ ಲೆಕ್ಕ ಹಾಕಿರಲಿಲ್ಲ. ಇಂದುಮತಿ ಈಗಷ್ಟೇ ಹಾಕಿದ್ದಳು. ಹಾಕಿ, ಕಾಗದವನ್ನು ಬೋರಲು ಇಟ್ಟಿದ್ದಳು.

ಸಾವಿನ ಮನೆಯ ಮುಂದೆ, ಹೆಣ ಏಳುವ ತನಕ, ಅಕ್ಕಪಕ್ಕದವರು ಒಲೆ ಹಚ್ಚುವುದಿಲ್ಲ. ಅದು ಹಿಂದಿನಿಂದ ಬಂದದ್ದು. ಪೆಟ್ಟಿಗೆಗಳು ಬಂದ ಮೇಲೆ ಯಾರೂ ಹೇಳದೆ, ಯಾರೂ ಕೇಳದೆ, ಇನ್ನೊಂದು ರೂಢಿ ಸೇರಿಕೊಂಡಿತು. ಹೆಣ ಏಳುವ ತನಕ ಯಾರೂ ಬಿಸಿ ಚೆಲ್ಲುವುದಿಲ್ಲ. ಅಷ್ಟೇ ಅಲ್ಲ; ತಮ್ಮ ತಮ್ಮ ಪೆಟ್ಟಿಗೆಗೆ ಬಟ್ಟೆಯ ಕೊಳವೆ ಕಟ್ಟಿ, ತಮ್ಮ ತಂಪನ್ನು ಸಾವಿನ ಮನೆಗೆ ಹಾಯಿಸುತ್ತಾರೆ. ಇಂದುಮತಿಯ ಅಪ್ಪ ತೀರಿಕೊಂಡಾಗ ಅವರ ಮನೆಗೂ ಹಾಗೆಯೇ ಹಾಯಿಸಿದ್ದರು. ಆಗ ಮಧ್ಯಾಹ್ನದ ಹೊತ್ತಿಗೆಲ್ಲ ಮಣ್ಣು ಮುಗಿದಿತ್ತು. ಇವತ್ತು ಬಸಲಿಂಗಮ್ಮನ ಒಬ್ಬಳೇ ಮಗಳು ಮಹಾನಂದಾ, ಗುಂತಕಲ್ಲಿನಲ್ಲಿ ನರ್ಸ್ ಆಗಿರುವವಳು, ಬರಬೇಕಿತ್ತು. ಬಿಸಿಲಿಗೆ ಹಳಿಗಳು ಹಿಗ್ಗಿ ಡೊಂಕಾಗಿ ರೈಲು ನಡುದಾರಿಯ ಹೊಲದಲ್ಲಿ ನಿಂತುಬಿಟ್ಟಿತ್ತು.

ಇಂದುಮತಿ ಅವ್ವ ದೇವಕ್ಕೆಮ್ಮನಿಗೆ ಫೋನು ಹಚ್ಚಿದಳು.

"ಯವ್ವ, ಪಾಟಿ ಭಾಳ ತುಂಬೈತಿ. ಒಂದೀಟು ಚೆಲ್ರಿ. ಪಾಳಿ ಹಚ್ಚಿ ಚೆಲ್ಲಿದ್ರೂ ನಡೀತೈತಿ."

ದೇವಕ್ಕೆಮ್ಮನ ಹಿಂದೆ ಭಜನೆಯ ತಾಳ ಕೇಳುತ್ತಿತ್ತು.

"ನಿಮ್ಮಪ್ಪ ಹೋದಾಗ ಅಕಿ ಚೆಲ್ಲಿದ್ಲೇನು?"

"ಅವತ್ತಿನ ಮಾತು ಬ್ಯಾರೆ, ಬೇ. ತುಂಬಿದ್ರ ಅದು ತಾನ ಸಿಡೀತೈತಿ."

"ಸಿಡೀಲಿ. ನಾ ಮಾತ್ರ ಅಕಿ ಮಾರಿ ಮ್ಯಾಲ ಬಿಸಿ ಹೊಡಿಯಾಕಿ ಅಲ್ಲ. ಮಗಳು ಬರ್ಲಿ, ತಾಯಿ ಮಾರಿ ನೋಡ್ಲಿ, ಆಮ್ಯಾಲ ನೋಡೋಣು."

ಫೋನು ಇಟ್ಟ ಸದ್ದಾಯಿತು.

ಕೊಠಡಿಯ ಮೇಲ್ವಿಚಾರಕ ವಾಹಿದ್ ಸಾಹೇಬರು ಅವಳ ಹಿಂದೆಯೇ ನಿಂತಿದ್ದರು. ನಿವೃತ್ತಿಗೆ ಹತ್ತಿರವಾದ ಮನುಷ್ಯ. ಸಿಟ್ಟಿಗಿಂತ ದಣಿವು ಹೆಚ್ಚು.

"ಒಲ್ಲೆ ಅಂದ್ರೇನು?"

"ಹ್ಞೂಂ."

"ಕೀಲಿ ನನ್ನ ಹತ್ರ ಐತಿ ನೋಡವ್ವ." ಕಿಸೆಯಿಂದ ತೆಗೆದು ಮೇಜಿನ ಮೇಲಿಟ್ಟರು. ಮನೆಯವರನ್ನು ಕೇಳದೆ ಇಲ್ಲಿಂದಲೇ ಪಾಟಿ ಒರೆಸುವ ಅಧಿಕಾರ ಕೊಠಡಿಗಿತ್ತು. ಇದುವರೆಗೆ ಯಾರೂ ಬಳಸಿರಲಿಲ್ಲ. "ಅರ್ಧ ಓಣಿ ಒರಸು, ಅರ್ಧ ಬಿಡು. ಒರಸೂ ಮನ್ಯಾಗ ಬಾಗಲಾ ಮುಚ್ಚಿರ್ತಾವು, ತಂಪು ಬರಾಂಗಿಲ್ಲ. ಉಳಿದರ್ಧ ಹೆಣಕ್ಕ ತಂಪು ಕೊಡ್ತೈತಿ. ಆಮ್ಯಾಲ ಅದಲ ಬದಲ. ಸಾವಕಾಶ ಒರಸಿದ್ರ ಬೆಚ್ಚನ ಗಾಳಿ ಅಷ್ಟ. ಯಾರಿಗೆ ಗೊತ್ತಾಗ್ತೈತಿ?"

ಲೆಕ್ಕ ಸರಿಯಿತ್ತು. ಹೀಗೆ ಮಾಡಿದರೆ ಸಂಜೆಯ ತನಕ, ಅದನ್ನೂ ದಾಟಿ, ಓಣಿ ಉಳಿಯುತ್ತಿತ್ತು. ಮಹಾನಂದಾ ಬಂದು ತಾಯಿಯ ಮುಖ ನೋಡಬಹುದಿತ್ತು. ಕೇಳಿದರೆ ಒಲ್ಲೆ ಎನ್ನುವವರನ್ನು ಕೇಳದೆ ಉಳಿಸುವುದು ತಪ್ಪೇ? ಅವಳು ಕೀಲಿ ತಿರುಗಿಸಿದಳು.

ಅರ್ಧ ಓಣಿಯ ಗೆರೆಗಳು ಮೊದಲ ಬಾರಿಗೆ ಬಾಗಿದವು. ವಾಹಿದ್ ಸಾಹೇಬರು ಕುರ್ಚಿ ಎಳೆದುಕೊಂಡು ಕೂತರು. ಚಹಾ ತರಿಸಿದರು.

ಚಹಾ ಬರುವ ಮೊದಲೇ ಪರದೆಯ ಮೂಲೆಯಲ್ಲಿ ಒಂದು ಅಂಕಿ ಕೆಂಪಗಾಯಿತು. ಬಿಸಿ ಹೊರಹೋಗುವ ಗೂಡಿನ ಉಷ್ಣತೆ. ಅದರ ಪಕ್ಕದ್ದು. ಅದರಾಚೆಯದು.

"ಗೂಡು ಯಾಕ ಕಾಯಾಕತ್ತಾವು?" ಎಂದರು ಸಾಹೇಬರು. "ಬಿಸಿ ಹೊರಗ ಹೊಂಟಿಲ್ಲೇನು?"

ಇಂದುಮತಿಗೆ ಕ್ಷಣದಲ್ಲಿ ಕಂಡಿತು. ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ತಾನಾಗಿ ಬಿಸಿಗಾಳಿ ಹೊರಟದ್ದು ನೋಡಿ, ಪೆಟ್ಟಿಗೆ ಕೆಟ್ಟಿದೆ ಎಂದುಕೊಂಡು, ನಾಚಿಕೆಯಿಂದ ಸತ್ತು, ಗೋಣಿಚೀಲ ತೋಯಿಸಿ ಗೂಡಿಗೆ ತುರುಕುತ್ತಿರುವ ತನ್ನ ಓಣಿಯವರು. ಸಾವಿನ ಮನೆಯ ಮುಂದೆ ಬಿಸಿ ಚೆಲ್ಲುವ ಬದಲು ಅದನ್ನು ತಮ್ಮ ಮನೆಯೊಳಗೆ ತಿರುಗಿಸಿಕೊಂಡು ಬಾಯಿ ಬಿಗಿಹಿಡಿದು ಕೂತವರು.

"ಮುಚ್ಚ್ಯಾರ್ರೀ. ಗೂಡು ಮುಚ್ಚ್ಯಾರ."

ಪಾಟಿ ಬಿಸಿಯಾದಷ್ಟೂ ಒಂದೊಂದು ಗುರುತು ಒರೆಸಲು ಇನ್ನಷ್ಟು ಬಿಸಿ ಹುಟ್ಟಬೇಕು. ಆ ಬಿಸಿಗೆ ಪಾಟಿ ಇನ್ನಷ್ಟು ಕಾಯಬೇಕು. ಅವಳು ಕೀಲಿಯನ್ನು ಹಿಂದಕ್ಕೆ ತಿರುಗಿಸಿದಳು. ಒರೆಸುವುದು ನಿಂತಿತು, ಬಾಗಿಲುಗಳು ಮತ್ತೆ ಆಡತೊಡಗಿದವು. ಆದರೆ ಈಗ ಆ ಕೋಣೆಗಳ ತುಂಬ ಓಡುವ ಅಣುಗಳೇ. ಆರಿಸುವ ಕೆಲಸ ಇಮ್ಮಡಿಯಾಗಿ, ಬಾಗಿದ್ದ ಗೆರೆಗಳು ಮೊದಲಿಗಿಂತ ಕಡಿದಾಗಿ ಮೇಲೆದ್ದವು. ಸಂಜೆಯ ತನಕ ಇದ್ದ ಹೊತ್ತು ಒಂದು ತಾಸಿಗೆ ಇಳಿದಿತ್ತು. ಪಾಳಿ ಹಚ್ಚಲು ಇನ್ನು ಸಾಧ್ಯವಿರಲಿಲ್ಲ. ಒರೆಸಿದರೆ ಎಲ್ಲ ಮನೆಗಳೂ ಒಟ್ಟಿಗೆ, ಈಗಲೇ, ನಿಧಾನವಾಗಿ ಶುರು ಮಾಡಬೇಕು. ಹಾಗೆ ಮಾಡಿದರೆ ಹೆಣಕ್ಕೆ ತಂಪು ಇಲ್ಲ.

ವಾಹಿದ್ ಸಾಹೇಬರು ಕೀಲಿಯ ಕಡೆ ನೋಡಲಿಲ್ಲ. "ಹೋಗು" ಎಂದರು. "ಇದು ಇಲ್ಲಿಂದ ಆಗೂ ಕೆಲಸಲ್ಲ."

ಸ್ಕೂಟರಿನ ಹಿಡಿ ಅಂಗೈ ಸುಡುತ್ತಿತ್ತು. ಓಣಿಯ ಬಾಯಲ್ಲೇ ಇಂದುಮತಿ ಇಳಿದಳು. ಶಾಮಿಯಾನದ ಕೆಳಗೆ ಗಂಡಸರು, ಕಟ್ಟೆಗಳ ಮೇಲೆ ಹೆಂಗಸರು, ಮನೆಯಿಂದ ಮನೆಗೆ ಹಾವಿನಂತೆ ಮಲಗಿದ ಬಟ್ಟೆಯ ಕೊಳವೆಗಳು. ಸಾಲು ಮನೆಗಳ ಗೂಡುಗಳಲ್ಲಿ ತುರುಕಿದ ಗೋಣಿಚೀಲಗಳು ಒಣಗಿ ಹೊಗೆ ಬಿಡುತ್ತಿದ್ದವು. ಯಾರೂ ಕೆಮ್ಮುತ್ತಿರಲಿಲ್ಲ. ಕೆಮ್ಮು ಬಂದವರು ಸೆರಗು ಬಾಯಿಗೆ ಒತ್ತಿಕೊಂಡಿದ್ದರು.

ಅವ್ವ ಹೊರಗೆ ಇರಲಿಲ್ಲ.

ಮನೆಯ ಬಾಗಿಲು ನೂಕಿದರೆ ಕುಂಬಾರನ ಒಲೆಯ ಬಾಯಿ ತೆರೆದಂತಾಯಿತು. ದೇವಕ್ಕೆಮ್ಮ ಒಳಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತಿದ್ದಳು. ಗೂಡಿಗೆ ತುರುಕಿದ ಚೀಲ ಗೂಡಿನ ಗಾಳಿಯ ಒತ್ತಡಕ್ಕೆ ಕಿತ್ತುಬರದಂತೆ, ಅದರ ಮೇಲೆ ಹಲಗೆಯನ್ನಿಟ್ಟು, ಹಲಗೆಗೆ ತನ್ನ ಬೆನ್ನನ್ನೇ ಆನಿಸಿದ್ದಳು. ಎಬ್ಬಿಸಿದಾಗ ಕುಪ್ಪಸ ಬೆನ್ನಿಗೆ ಅಂಟಿಕೊಂಡು ಬಂತು. ಕೆಳಗೆ ಚರ್ಮ ಕೆಂಪಗೆ ಬೆಂದಿತ್ತು.

"ಪೆಟ್ಟಿಗಿಗೆ ಏನೋ ಬಡದೈತಿ ಇಂದೂ" ಎಂದಳು ಅವ್ವ, ನಾಲಿಗೆ ತೊದಲುತ್ತಾ. "ತಾನ ಚೆಲ್ಲಾಕತ್ತಿತ್ತು. ಹಿಡದೆ. ಎದುರಿಗೆ ಹೋಗಗೊಡಲಿಲ್ಲ."

ಅವಳ ಮುಖದಲ್ಲಿ ನೋವಿಗಿಂತ ಹೆಚ್ಚಾಗಿ ಒಂದು ಸಮಾಧಾನವಿತ್ತು. ಅದನ್ನು ನೋಡಲಾರದೆ ಇಂದುಮತಿ ಕೊಡದಿಂದ ನೀರು ಮೊಗೆದು ಬೆನ್ನಿಗೆ ಸುರಿದಳು. ಮತ್ತೆ ಮತ್ತೆ ಸುರಿದಳು.

ಅವ್ವನನ್ನು ತೋಳಿಗೆ ಆನಿಸಿಕೊಂಡು ಹೊರಬಂದು, ಶಾಮಿಯಾನದ ಕೆಳಗೆ ಹಿರಿಯ ಅಮರಯ್ಯ ತಾತನ ಮುಂದೆ ನಿಂತಳು. ಓಣಿಯ ಸಾವು ಮದುವೆಗಳಿಗೆಲ್ಲ ಅವರೇ ಮುಂದು.

"ತಾತ, ಈಗಿಂದೀಗ ಎಲ್ಲಾರೂ ಚೆಲ್ಲಬೇಕು. ಇಲ್ಲಾಂದ್ರ ಒಂದು ತಾಸಿನಾಗ ಎಲ್ಲಾ ಪೆಟ್ಟಿಗಿ ಕೂಡೇ ಸಿಡೀತಾವು. ಈ ಶಾಮಿಯಾನದ ಕೆಳಗ ಕುಂತವರು ಒಬ್ಬರೂ ಉಳಿಯಾಂಗಿಲ್ಲ."

"ಸಾಲಿ ಕಲತಾಕಿ, ನೀ ಹೇಳಿದ್ದು ಖರೇನ ಇರಬೇಕು" ಎಂದರು ಅಮರಯ್ಯ. "ಆದ್ರ ನಾ ಯಾರು ಹ್ಞೂಂ ಅನ್ನಾಕ? ಇದು ಅಕಿ ಮನಿ ಸಾವು. ಆ ಮನ್ಯವರು ಚೆಲ್ರಿ ಅಂದ್ರ ಚೆಲ್ಲೋಣು."

"ಆ ಮನ್ಯಾಗ ಯಾರದಾರ, ತಾತ?"

"ಅದ ಮತ್ತ."

"ಎಲ್ಲಾರೂ ಎದ್ದು ಊರ ಹೊರಗರ ಹೋಗ್ರಿ."

ಕಟ್ಟೆಯ ಮೇಲಿನ ಹೆಂಗಸೊಬ್ಬಳು ತಲೆಯೆತ್ತದೆ, ಸಾವಿನ ಮನೆಯ ಕಡೆ ಕೈ ಮಾಡಿ ಹೇಳಿದಳು: "ಕುಂತಾಕಿನ್ನ ಒಬ್ಬಾಕಿನ್ನ ಬಿಟ್ಟು ಎಲ್ಲಿ ಹೋಗೋದವ್ವಾ?"

ಇಂದುಮತಿ ಬಸಲಿಂಗಮ್ಮನ ಮನೆಯೊಳಗೆ ಹೋದಳು.

ಒಳಗೆ ಓಣಿಯ ತಂಪೆಲ್ಲ ತುಂಬಿಕೊಂಡಿತ್ತು. ಗೋಡೆಗೆ ಒರಗಿಸಿ ಕೂಡಿಸಿದ ಬಸಲಿಂಗಮ್ಮನ ಹಣೆಯ ವಿಭೂತಿ ಒಣಗಿ ಬಿರುಕು ಬಿಟ್ಟಿರಲಿಲ್ಲ. ಕೊರಳ ಹೂವು ಬಾಡಿರಲಿಲ್ಲ. ನಿದ್ದೆಯಲ್ಲಿ ಏನನ್ನೋ ಕೇಳಿಸಿಕೊಳ್ಳುತ್ತಿರುವ ಮುಖ. ಪಾಟಿ ತುಂಬಿದ್ದನ್ನು ತೋರಿಸುವ ಪೆಟ್ಟಿಗೆಯ ಮುಳ್ಳು ತುದಿಯ ಹತ್ತಿರ ಹೋಗಿ ನಡುಗುತ್ತಿತ್ತು. ಹಾಸಿಗೆ ಹಿಡಿದ ಮುದುಕಿ ನಿನ್ನೆ ಸಂಜೆಯಿಂದಲೇ ಹಿಡಿ ಎಳೆದಿರಲಾರಳು. ಓಣಿಯಲ್ಲೆಲ್ಲ ಹೆಚ್ಚು ತುಂಬಿದ ಪಾಟಿ ಇದೇ.

ಮಹಾನಂದಾಳ ಫೋನು ಮೊದಲ ಸಲ ಹತ್ತಲಿಲ್ಲ. ಎರಡನೆಯ ಸಲವೂ. ಇಂದುಮತಿ ಕಿಟಕಿಯ ಹತ್ತಿರ, ಬಾಗಿಲ ಹತ್ತಿರ, ಅಂಗಳದಲ್ಲಿ ನಿಂತು ಹಚ್ಚಿದಳು. ಮುಳ್ಳನ್ನು ನೋಡಬಾರದೆಂದುಕೊಂಡು ನೋಡಿದಳು. ಮತ್ತೆ ಹಚ್ಚಿದಳು.

"ಯಾರು?" ಧ್ವನಿ ಒಣಗಿತ್ತು. "ಇಂದೂ? ಗಾಡಿ ಇನ್ನೂ ಅಲ್ಲೇ ನಿಂತೈತಿ. ಗ್ಯಾಂಗಿನವರು ಹಳಿ ಮ್ಯಾಲ ನೀರು ಹೊಡಿಯಾಕತ್ತಾರ. ಅವ್ವಗ ಕಾಯ್ರಿ ಅಂತ ಹೇಳು." ತಾನು ಏನು ಹೇಳಿದೆನೆಂದು ಅವಳಿಗೇ ಕೇಳಿಸಿರಬೇಕು, ಸುಮ್ಮನಾದಳು.

ಇಂದುಮತಿಯ ಬಾಯಲ್ಲಿ ಎರಡು ಮಾತುಗಳಿದ್ದವು. ಒಂದನ್ನು ಮಾತ್ರ ಹೇಳಿದರೆ ಸಾಕಿತ್ತು. ಪಾಟಿ ತುಂಬಿದೆ, ಚೆಲ್ಲಲು ಒಪ್ಪಿಗೆ ಕೊಡು. ಇನ್ನೊಂದನ್ನು ಯಾರೂ ಕೇಳುತ್ತಿರಲಿಲ್ಲ. ಆದರೆ ಎದುರಿಗೆ ಬಸಲಿಂಗಮ್ಮ ಕೂತಿದ್ದಳು, ಕೇಳಿಸಿಕೊಳ್ಳುತ್ತಿರುವವಳಂತೆ.

"ಮಾನಂದಕ್ಕ, ಓಣಿ ಪಾಟಿ ಎಲ್ಲಾ ತುಂಬ್ಯಾವು. ಈಗ ಒಮ್ಮಿಗೇ ಒರಸಬೇಕು. ಒರಸಿದ್ರ ನಿಮ್ಮವ್ವಗ ತಂಪು ಇರಾಂಗಿಲ್ಲ. ನೀ ಬರೂತನಾ ಇಡಾಕ ಆಗಾಂಗಿಲ್ಲ. ಮಣ್ಣಿಗೆ ಒಯ್ಯಬೇಕು."

ಇಂದುಮತಿ ಫೋನನ್ನು ಇನ್ನೊಂದು ಕಿವಿಗೆ ಹಿಡಿದಳು.

"ಇನ್ನೊಂದೈತಿ. ಮೊದಲ ಹೊತ್ತು ಇತ್ತು. ಪಾಳಿ ಹಚ್ಚಿದ್ರ ನೀ ಬರೂತನಾ ಇಡಬಹುದಿತ್ತು. ನಾನು ಯಾರಿಗೂ ಕೇಳಲಾರದ ಆಫೀಸಿನಿಂದ ಒರಸಾಕ ಹಚ್ಚಿದೆ. ಇವರು ಗೂಡು ಮುಚ್ಚಿದ್ರು. ಇದ್ದ ಹೊತ್ತು ಹೋತು. ನಾ ನಿನಗ ಆಗ ಫೋನ್ ಹಚ್ಚಿ ಕೇಳಿದ್ರ…"

ಹಿಂದೆ ಹೊಸ್ತಿಲ ಮೇಲೆ ಅವ್ವ ನಿಂತದ್ದು ಆಗ ಅವಳ ಗಮನಕ್ಕೆ ಬಂತು. ದೇವಕ್ಕೆಮ್ಮ ಎಲ್ಲ ಕೇಳಿದ್ದಳು. ಮಗಳ ಮುಖವನ್ನು ನೋಡಿದಳು, ತನ್ನ ಸೆರಗನ್ನು ಬೆನ್ನಿನ ಮೇಲೆ ಎಳೆದುಕೊಂಡಳು. ಸುಟ್ಟ ಚರ್ಮಕ್ಕೆ ಬಟ್ಟೆ ತಾಗಿ ತುಟಿ ಕಚ್ಚಿದಳು.

ಫೋನಿನಲ್ಲಿ ದೂರದಿಂದ ಕಬ್ಬಿಣದ ಮೇಲೆ ಸುತ್ತಿಗೆ ಬೀಳುವ ಸದ್ದು. ಯಾರೋ ತೆಲುಗಿನಲ್ಲಿ ಕೂಗಿದರು. ಮುಳ್ಳು ಒಂದು ಕೂದಲಿನಷ್ಟು ಸರಿಯಿತು.

"ಅವ್ವನ ಮಾರಿ ಹೆಂಗೈತಿ?" ಎಂದಳು ಮಹಾನಂದಾ.

"ಮಲಗಿದ್ಹಂಗೈತಿ. ಏನೂ ಆಗಿಲ್ಲ."

"ಕಣ್ಣು?"

"ಮುಚ್ಚ್ಯಾವು."

ಮತ್ತೆ ಸುತ್ತಿಗೆಯ ಸದ್ದು.

"ಫೋಟೋ ತಗೀಬ್ಯಾಡ" ಎಂದಳು ಮಹಾನಂದಾ. "ಎಲ್ಲಾರಿಗೂ ಹೇಳು. ಮೊದಲು ನಮ್ಮ ಮನೀದು ಚೆಲ್ರಿ. ನಮ್ಮ ಬಾಗಲದಿಂದ ಬಿಸಿ ಹೊರಗ ಬಂದ್ರ ಉಳಿದವರಿಗೆ ನಾಚಿಕಿ ಇರಾಂಗಿಲ್ಲ. ಹಿಡಿ ನೀ ಎಳಿ. ನೀ ಹಚ್ಚಿದ್ದು, ನೀನ ಎಳಿ."

ಇಂದುಮತಿ ಹಿಡಿ ಎಳೆದಳು. ಎಷ್ಟು ನಿಧಾನಕ್ಕೆ ಇಡಲು ಬರುತ್ತದೋ ಅಷ್ಟು ನಿಧಾನಕ್ಕೆ ಇಟ್ಟಳು. ಬಾಗಿಲುಗಳು ಮುಚ್ಚಿಕೊಂಡವು. ಅಲ್ಲಿಯವರೆಗೆ ಗಮನಕ್ಕೇ ಬಾರದಿದ್ದ ಒಂದು ಸಣ್ಣ ಗುಂಯ್‌ಗುಡುವಿಕೆ ನಿಂತು, ಆ ಮನೆ ಒಮ್ಮೆಲೇ ಕಿವಿ ಕಿತ್ತುಹೋಗುವಷ್ಟು ಸುಮ್ಮನಾಯಿತು. ಹೊರಗೆ ಸಾವಿನ ಮನೆಯ ಗೂಡಿನಿಂದ ಬೆಚ್ಚನೆಯ ಗಾಳಿ ಶಾಮಿಯಾನದ ಅಂಚನ್ನು ಎತ್ತಿತು. ಅಮರಯ್ಯ ತಾತ ಅದರ ಎದುರು ಒಂದು ಗಳಿಗೆ ನಿಂತರು. ತಲೆಯ ರುಮಾಲು ತೆಗೆದು ಹೆಗಲಿಗೆ ಹಾಕಿಕೊಂಡರು. ಆಮೇಲೆ ತಮ್ಮ ಮನೆಯ ಗೂಡಿನ ಚೀಲ ಕಿತ್ತು ನೆಲಕ್ಕೆ ಎಸೆದರು.

ಒಂದೊಂದಾಗಿ ಓಣಿಯ ಎಲ್ಲ ಚೀಲಗಳೂ ಬಿದ್ದವು. ಹಿಡಿಗಳು ಇಳಿದವು. ಗೋಡೆಗಳಿಂದ ಬಿಸಿ ಉಸಿರು ಹೊರಟು ಓಣಿ ಹಂಚಿನಂತೆ ಕಾದಿತು, ಆದರೆ ಕಾದದ್ದು ಅಷ್ಟೇ. ಇಂದುಮತಿಯ ಫೋನಿನ ಮೇಲೆ ಗೆರೆಗಳು ತುದಿ ಮುಟ್ಟುವ ಮೊದಲು ತೂಗಿ, ತೂಗಿ, ಬಾಗಿದವು. ಗಂಡಸರು ಬಸಲಿಂಗಮ್ಮನನ್ನು ಕೂತಂತೆಯೇ ಎತ್ತಿ ಹೆಣ ಒಯ್ಯಲು ಕಟ್ಟಿದ ವಿಮಾನದಲ್ಲಿ ಕೂಡಿಸಿದರು. ತಂಪಿನಿಂದ ಹೊರಬಂದ ಆ ಮುಖದ ಮೇಲೆ ಹೊರಗಿನ ತೇವವೆಲ್ಲ ಬಂದು ಕೂತು ಹನಿಗಟ್ಟಿತು. "ಅತ್ತಾಳ ನೋಡ್ರಿ" ಎಂದಳೊಬ್ಬ ಹೆಂಗಸು. ಯಾರೂ ಅವಳನ್ನು ತಿದ್ದಲಿಲ್ಲ. ಭಜನೆ ಮುಂದೆ ಹೊರಟಿತು. ಓಣಿಯ ಬಿಸಿಯೆಲ್ಲ ಹಿಂದೆ ಹೊರಟಂತೆ ಇತ್ತು.

ದೀಪ ಹಚ್ಚುವ ಹೊತ್ತಿಗೆ ಮಹಾನಂದಾ ಬಂದಳು. ಸ್ಟೇಷನ್ನಿನಿಂದ ನೇರ ಗೋರಿಗೆ ಹೋಗಿ ಬಂದಿದ್ದಳು, ಅಂಗೈಯಲ್ಲಿ ಮಣ್ಣಿತ್ತು. ಕಟ್ಟೆಯ ಮೇಲೆ ಮುಂದಕ್ಕೆ ಬಾಗಿ ಕೂತಿದ್ದ ದೇವಕ್ಕೆಮ್ಮನನ್ನು ನೋಡಿದಳು. ಏನಾಯಿತೆಂದು ಕೇಳಲಿಲ್ಲ. ಚೀಲದಿಂದ ಮುಲಾಮು ತೆಗೆದು, ಕೈ ತೊಳೆದು, ಸೆರಗು ಸರಿಸಿ, ಬೆನ್ನಿಗೆ ಹಚ್ಚತೊಡಗಿದಳು.

"ಬಿಡವ್ವ, ನೀ ಈಗಷ್ಟ ಬಂದೀದಿ."

"ಸುಮ್ಮ ಕುಂದ್ರು ಚಿಗವ್ವ."

ಹಚ್ಚಿ ಮುಗಿಸಿ, ತನ್ನ ಮನೆಯೊಳಗೆ ಹೋದಳು. ಪಾಟಿ ಇನ್ನೂ ಒರೆಸಿಕೊಳ್ಳುತ್ತಲೇ ಇತ್ತು. ಅಷ್ಟು ತುಂಬಿದ್ದು ನಿಧಾನಕ್ಕೆ ಒರೆಸಿ ಮುಗಿಯಲು ರಾತ್ರಿಯೇ ಬೇಕಿತ್ತು. ಓಣಿಯ ಬೇರೆ ಮನೆಗಳು ಆಗಲೇ ತಂಪಾಗತೊಡಗಿದ್ದವು. ಆದರೂ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ತಂಪು ಬಿಟ್ಟು ಬಂದು, ಆ ಬೆಂದ ಕೋಣೆಯಲ್ಲಿ ಗೋಡೆಗುಂಟ ಕೂತರು. ಬೆವರು ಇಳಿಯುತ್ತಿತ್ತು. ಯಾರೂ ಬೀಸಣಿಕೆ ಎತ್ತಲಿಲ್ಲ.

ಇಂದುಮತಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಒಳಗೆ ಹೋಗಲು ತನಗೆ ಹಕ್ಕಿಲ್ಲ ಎನಿಸಿತು. ಹೊರಟುಹೋಗಲು ಕಾಲು ಏಳಲಿಲ್ಲ. ಪಾಟಿ ಮುಗಿಯುವ ಹೊತ್ತು, ಕೋಣೆ ಮತ್ತೆ ತಂಪಾಗುವ ಹೊತ್ತು, ಹೇಳಲು ಅವಳ ಹತ್ತಿರ ಇದ್ದದ್ದು ಇಂಥವೇ ಮಾತುಗಳು.

ಮಹಾನಂದಾ ತಾಯಿ ಕೂತಿದ್ದ ಜಾಗದಲ್ಲಿ, ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ ಕೂತಿದ್ದಳು. ಬಹಳ ಹೊತ್ತಿನ ಮೇಲೆ ಕಣ್ಣು ತೆರೆಯದೆಯೇ ಹೇಳಿದಳು:

"ಒಳಗರ ಬಾ, ಹೊರಗರ ಹೋಗು, ಇಂದೂ. ಬಾಗಲದಾಗ ನಿಂದ್ರಬ್ಯಾಡ."

ಇಂದುಮತಿ ಒಳಗೆ ಕಾಲಿಟ್ಟಳು. ಒಳಗೂ ಹೊರಗೂ ಒಂದೇ ಬಿಸಿಯಿತ್ತು.